ರಕ್ತ ಕಮ್ಮಿ ಅಂತ ಹೇಳಿದ್ದೆವು

ಮೊದಲು ಊದಿಕೊಂಡದ್ದು ಅವ್ವನ ಪಾದ. ಚಪ್ಪಲಿ ಹಿಡಿಸಲಿಲ್ಲ. ನಮಗೆ ಹೇಳಲಿಲ್ಲ, ಚಪ್ಪಲಿ ಮೂಲೆಗೆಸೆದು ಒಂದು ತಿಂಗಳು ಬರಿಗಾಲಲ್ಲೇ ಓಡಾಡಿದಳು. ಆಮೇಲೆ ಮೈಯೆಲ್ಲ ನವೆ. "ಕೊಬ್ಬರಿ ಧೂಳು ಕಣೇ, ಬುಡು" ಅಂದಳು ಫೋನಿನಲ್ಲಿ. ಇಪ್ಪತ್ತೈದು ವರ್ಷದಿಂದ ಅದೇ ಧೂಳಿನಲ್ಲಿ ಕೂತವಳಿಗೆ ಈಗ ಯಾಕೆ ನವೆ ಅಂತ ನಾನು ಕೇಳಲಿಲ್ಲ. ಕೇಳಬೇಕಿತ್ತು. ನಾನು ತುಮಕೂರಿನ ಗಾರ್ಮೆಂಟ್ಸ್ ಒಂದರಲ್ಲಿ ಸೂಪರ್‌ವೈಸರ್ ಆಗಿದ್ದೆ, ನನಗೂ ಅವ್ವನಿಗೂ ಮಾತು ಅಷ್ಟಕ್ಕಷ್ಟೆ ಇತ್ತು.

ಒಂದು ಬೆಳಿಗ್ಗೆ ಕಾಯಿ ರಾಶಿಯ ಮುಂದೆ ಕೂತಲ್ಲೇ ವಾಂತಿ ಮಾಡಿಕೊಂಡು ಒರಗಿದಳು. ಪಕ್ಕದ ಮನೆಯವರು ತಿಪಟೂರಿನ ಆಸ್ಪತ್ರೆಗೆ ಸೇರಿಸಿದರು. ನಾನು ತುಮಕೂರಿನಿಂದ, ತಂಗಿ ಕವಿತಾ ಹಾಸನದಿಂದ ಬಂದು ಇಳಿದೆವು. ಪಕ್ಕದ ಮನೆಯವರು ಊರಿಗೆ ಹೊರಟ ಮೇಲೆ ರಿಪೋರ್ಟ್ ಬಂತು. ಕ್ರಿಯಾಟಿನಿನ್ ಅಂದರು, ಸ್ಕ್ಯಾನಿಂಗ್ ಅಂದರು. ನಾವು ಪಿಳಿಪಿಳಿ ಕಣ್ಣು ಬಿಡುವುದನ್ನು ನೋಡಿ ಡಾಕ್ಟರು ಒಂದೇ ಮಾತಿನಲ್ಲಿ ಹೇಳಿದರು.

ಎರಡೂ ಕಿಡ್ನಿ ಹೋಗಿದೆ.

ವಾರಕ್ಕೆ ಮೂರು ಸಲ ಡಯಾಲಿಸಿಸ್, ಇರುವವರೆಗೂ. ಅವ್ವ ಅಳಲಿಲ್ಲ. ಬೆಡ್ ಮೇಲೆ ಎದ್ದು ಕೂತು ಅವಳು ಆಡಿದ ಮೊದಲ ಮಾತು ಇದು: "ಊರಲ್ಲಿ ಯಾರ್ಗೂ ಹೇಳಂಗಿಲ್ಲ. ಕಿಡ್ನಿ ಅಂದ್ರೆ ಮನೆತನಕ್ಕೇ ಐತೆ ಅಂತಾರೆ. ಆಮೇಲೆ ಇವ್ಳನ್ನ ಯಾರು ಮಾಡ್ಕತಾರೆ? ರಕ್ತ ಕಮ್ಮಿ ಅನ್ನಿ. ರಕ್ತ ಹಾಕಿಸ್ಕಳಕ್ಕೆ ಹೋಗ್ತಾರೆ ಅನ್ನಿ."

ಇವಳು ಅಂದರೆ ಕವಿತಾ. ಮೂವತ್ತೆರಡಾಗಿದ್ದರೂ ಮದುವೆಯಾಗಿರಲಿಲ್ಲ. ಅವ್ವನ ಬದುಕಿನಲ್ಲಿ ಎಲ್ಲವೂ ಕವಿತಾಳ ಮದುವೆಗಾಗಿ. ಆರು ವರ್ಷದ ಹಿಂದೆ ನನ್ನ ಗಂಡ ಇನ್ನೊಬ್ಬಳ ಜೊತೆ ಸಂಸಾರ ಹೂಡಿದಾಗ ನಾನು ಬ್ಯಾಗು ಹಿಡಿದು ತವರಿಗೆ ಬಂದೆ. ಒಂಬತ್ತು ದಿನ ಇಟ್ಟುಕೊಂಡಳು. ಹತ್ತನೇ ದಿನ ತಟ್ಟೆಗೆ ಮುದ್ದೆ ಹಾಕುತ್ತ, "ಗಂಡ ಬಿಟ್ಟೋಳು ಮನೇಲಿ ಕೂತಿದ್ರೆ ಚಿಕ್ಕೋಳ್ನ ಯಾರು ಕೇಳ್ತಾರೆ? ತುಮಕೂರಲ್ಲಿ ಕೆಲ್ಸ ನೋಡ್ಕೊ" ಅಂದಳು. ಅಪ್ಪ ಸತ್ತ ಮೇಲೆ ಗಂಡಸಿನ ಹಾಗೆ ಕೊಬ್ಬರಿ ವ್ಯಾಪಾರ ಮಾಡಿ ನಮ್ಮನ್ನು ಸಾಕಿದವಳು, ಅವಳ ಮಾತಿಗೆ ಎದುರಿರಲಿಲ್ಲ. ನಾನು ಆ ಮುದ್ದೆಯನ್ನು ಪೂರ್ತಿ ತಿಂದು ಎದ್ದು ಹೋದೆ. ಕವಿತಾ ಬಚ್ಚಲಲ್ಲಿ ಪಾತ್ರೆ ತೊಳೆಯುತ್ತಿದ್ದಳು, ಹೊರಗೆ ಬರಲಿಲ್ಲ. ಆಮೇಲೆ ಅಕ್ಕತಂಗಿ ಅಂದರೆ ಹಬ್ಬದ ದಿನದ ವಾಟ್ಸಾಪ್ ಮೆಸೇಜು, ಅಷ್ಟೆ.

ಈಗ ಅದೇ ಅವ್ವನ ಎಡಬಲಕ್ಕೆ ನಾವಿಬ್ಬರು. ನಾನು ಕೆಲಸ ಬಿಟ್ಟೆ. ಅವಳು ಹಾಸನದ ಸೀರೆ ಅಂಗಡಿಯ ಕೆಲಸ ಬಿಟ್ಟಳು.

ಡಿಸ್ಚಾರ್ಜ್ ದಿನ ಡಾಕ್ಟರು ಪಥ್ಯ ಹೇಳಿದರು. ದಿನಕ್ಕೆ ಎಲ್ಲ ಸೇರಿ ಒಂದು ಲೀಟರ್, ಅದರಲ್ಲಿ ಸಾರು, ಮಜ್ಜಿಗೆ, ಕಾಫಿಯೂ ಬಂತು. ಬಾಳೆಹಣ್ಣು ಬೇಡ, ಕೊಬ್ಬರಿ ಬೇಡ. "ಎಲ್ಲಕ್ಕಿಂತ ಮುಖ್ಯ, ಈ ಸೀಮೆಯವರಿಗೆ ನಾನು ಎರಡೆರಡು ಸಲ ಹೇಳ್ತೀನಿ. ಎಳನೀರು ಮುಟ್ಟಂಗಿಲ್ಲ. ಅದ್ರಲ್ಲಿ ಪೊಟ್ಯಾಷಿಯಮ್ ಜಾಸ್ತಿ. ಕಿಡ್ನಿ ಕೆಟ್ಟೋರಿಗೆ ಅದು ಹೊರಗೆ ಹೋಗಲ್ಲ. ಹೃದಯ ನಿಂತುಬಿಡುತ್ತೆ. ಹುಷಾರಿಲ್ಲ ಅಂತ ಪ್ರೀತಿಯಿಂದ ಕೊಚ್ಚಿಕೊಡ್ತಾರೆ, ಇಲ್ಲಿಗೆ ಎತ್ಕೊಂಡು ಬರ್ತಾರೆ." ಅವ್ವ ನಕ್ಕಳು. ಮನೆ ಸುತ್ತ ನಲವತ್ತು ತೆಂಗಿನ ಮರ ಇಟ್ಟುಕೊಂಡವಳಿಗೆ ಹೇಳುವ ಮಾತೇ ಅದು?

ಡಯಾಲಿಸಿಸ್ ಬೆಡ್ ಮೇಲೆ ಅವ್ವ ಸುಮ್ಮನೆ ಮಲಗುವವಳಲ್ಲ. ಪಕ್ಕದ ಬೆಡ್ಡಿನವರ ಜಾತಕ ಕೇಳುವಳು, ನರ್ಸುಗಳ ಜಡೆ ಸರಿಯಿಲ್ಲ ಅನ್ನುವಳು, ನನಗೆ ಬಯ್ಯುವಳು. ಡಯಾಲಿಸಿಸ್ ಸೂಜಿಗೆ ಅಂತ ಕೈಯಲ್ಲಿ ನರ ಕೂಡಿಸಿ ಫಿಸ್ಟುಲಾ ಮಾಡಿದ ಜಾಗ ಹಾವಿನ ಮರಿಯ ಹಾಗೆ ಉಬ್ಬಿತ್ತು. ಅದು ಕಾಣಬಾರದು ಅಂತ ನಾನು ಅವಳಿಗೆ ಉದ್ದ ತೋಳಿನ ರವಿಕೆ ಹೊಲಿದೆ. ಎಂಟು ರವಿಕೆ. ಊರಿನವರು, "ಗಂಗಮ್ಮಂಗೆ ವಯಸ್ಸಾದ್ಮೇಲೆ ಷೋಕಿ ಬಂತು" ಅಂದರು.

ಬಾಯಾರಿಕೆಗೆ ಮಾತ್ರ ಅವಳ ಬಾಯಿ ಸೋಲುತ್ತಿತ್ತು. ಅಳತೆ ಲೋಟ ನನ್ನ ಕೈಯಲ್ಲಿತ್ತು. ಒಂದು ಮಧ್ಯಾಹ್ನ ಒಂದೇ ಒಂದು ಗುಟುಕಿಗೆ ಕೈ ಮುಗಿದಳು, ನಾನು ಕೊಡಲಿಲ್ಲ. "ಒಂಬತ್ತು ದಿನದ ಸೇಡು ತೀರಿಸ್ಕೊತಿದ್ದೀಯ" ಅಂದಳು. ಇಲ್ಲ ಅಂತ ನಾನು ಹೇಳಲಿಲ್ಲ. ನಿಜ ಹೇಳಬೇಕೆಂದರೆ, ಆ ಲೋಟ ಹಿಡಿದ ಕೈಗೆ ಒಂದು ಕ್ಷಣ ಹಿತವಾಗಿತ್ತು. ಥೂ, ಎಂಥ ಮಗಳು ನಾನು.

ಇಂಥ ದಿನಗಳಲ್ಲೇ ನಮ್ಮಿಬ್ಬರು ಅಕ್ಕತಂಗಿಯರ ಮನಸ್ಸು ಬೇರೆ ಕಡೆ ಹೋಯಿತು ಅಂದರೆ ಜನ ನಗಬಹುದು. ನಗಲಿ.

ಅಟ್ಟದ ಮೇಲೆ ಹತ್ತು ತಿಂಗಳ ಹಿಂದೆ ಹಾಕಿದ ಕಾಯಿ ಇತ್ತು. ನೀರು ಇಂಗಿ ಒಳಗೆ ಕೊಬ್ಬರಿ ಆಗಿದೆಯೋ ಇಲ್ಲವೋ ಅಂತ ಅಲ್ಲಾಡಿಸಿ ಸದ್ದು ಕೇಳಿ ಹೇಳುವುದು ಅವ್ವನ ವಿದ್ಯೆ. ಅವಳಿಗೆ ಅಟ್ಟ ಹತ್ತಲಾಗುತ್ತಿರಲಿಲ್ಲ. ತುರುವೇಕೆರೆ ಕಡೆಯ ನಾಗರಾಜ, ತೋಟವೂ ಒಂದು ಗೂಡ್ಸ್ ಆಟೋವೂ ಇದ್ದವನು, ಕಾಯಿ ಇಳಿಸಿಕೊಡಲು ಬಂದ. ಕವಿತಾ ಏಣಿ ಹತ್ತಿ ಒಂದೊಂದೇ ಕಾಯಿ ಕಿವಿಗೆ ಹಿಡಿದು, "ಇದು ಆಗೈತಾ?" ಅಂತ ಕೇಳುವಳು. "ಗಟ್ಟಿಯಾಗಿ ಅಲ್ಲಾಡ್ಸ್ರೀ, ಅದೇನು ಮಗು ತೂಗ್ದಂಗೆ ತೂಗ್ತೀರಿ" ಅನ್ನುವನು. ಅರ್ಧ ದಿನದ ಕೆಲಸಕ್ಕೆ ನಾಲ್ಕು ದಿನ ಹಿಡಿಯಿತು. ಐದನೇ ದಿನ ಅವ್ವ ಕೋಣೆಯಿಂದಲೇ, "ಅಟ್ಟದಲ್ಲಿ ಇನ್ನೂ ಕಾಯಿ ಐತೇನವ್ವ, ಇಲ್ಲಾ ಮುಗೀತೋ?" ಅಂದಳು. ಅವಳ ದನಿಯಲ್ಲಿ ಖುಷಿಯಿತ್ತು.

ನನ್ನದು ಡಯಾಲಿಸಿಸ್ ಯೂನಿಟ್ಟಿನಲ್ಲಿ. ಟೆಕ್ನಿಷಿಯನ್ ಮಂಜುನಾಥ್ ಚಿಕ್ಕನಾಯಕನಹಳ್ಳಿಯವರು, ನಲವತ್ತು ದಾಟಿತ್ತು, ಹೆಂಡತಿ ತೀರಿಕೊಂಡಿದ್ದರು. ಅವ್ವನನ್ನು ತೂಕ ಮಾಡುವ ಮಿಷನ್ ಮೇಲೆ ಒಂದು ದಿನ ನನ್ನನ್ನೂ ನಿಲ್ಲಿಸಿದರು. "ಬಂದಾಗಿಂದ ಆರು ಕೆಜಿ ಇಳಿದಿರೋ ಹಾಗಿದೆ. ನಿಮಗೂ ನಾನೇ ಡಯಾಲಿಸಿಸ್ ಮಾಡ್ತಿದ್ದೀನಾ?" ಅಂದರು. ಮುಂದಿನ ಸಲದಿಂದ ಅವರ ಡಬ್ಬಿಯಲ್ಲಿ ಇಬ್ಬರಿಗಾಗುವಷ್ಟು ಚಿತ್ರಾನ್ನ ಇರುತ್ತಿತ್ತು. ಆರು ವರ್ಷದಿಂದ ನಾನು ಊಟ ಮಾಡಿದೆನಾ ಅಂತ ಯಾರೂ ಕೇಳಿರಲಿಲ್ಲ. ಅವರು ಕೇಳಿದರು. ನನಗೆ ಅಷ್ಟು ಸಾಕಾಗಿತ್ತು. ಅವರು ನಮ್ಮ ಮದುವೆಯ ಮಾತು ತೆಗೆದಾಗ, ತಂಗಿಯ ಮದುವೆ ಮುಗಿಯಲಿ ಅಂದೆ. ಆಗಲಿ ಅಂದರು.

ಅಕ್ಕತಂಗಿ ಒಬ್ಬರಿಗೊಬ್ಬರು ಹೇಳಿಕೊಂಡೆವು. ಹಿತ್ತಲಲ್ಲಿ ಬಟ್ಟೆ ಒಗೆಯುತ್ತ, ಮಕ್ಕಳ ಹಾಗೆ ನಕ್ಕೆವು. ಆವತ್ತು ಕವಿತಾ ಮೊದಲ ಸಲ ಹೇಳಿದಳು: "ಅಕ್ಕ, ಆವತ್ತು ನೀನ್ ಹೋಗ್ವಾಗ ನಾನು ಬಚ್ಚಲಲ್ಲಿ ಅಳ್ತಿದ್ದೆ ಕಣೇ. ಹೊರಗ್ ಬಂದಿದ್ರೆ ಅವ್ವ ಇಬ್ರನ್ನೂ ಓಡಿಸ್ತಿದ್ಲು."

ಹೆಣ್ಣು ಕೇಳಲು ನಾಗರಾಜನ ತಾಯಿ ಜಯಮ್ಮ ಬರುತ್ತೇನೆಂದರು. ಭಾನುವಾರ. ಶುಕ್ರವಾರ ಡಯಾಲಿಸಿಸ್ ಆಗಿತ್ತು, ಮುಂದಿನದು ಸೋಮವಾರ ಬೆಳಿಗ್ಗೆ. ಎರಡು ದಿನದ ಈ ಅಂತರದಲ್ಲೇ ಪಥ್ಯ ಬಿಗಿಯಾಗಿರಬೇಕು ಅಂತ ಮಂಜುನಾಥ್ ಸಾವಿರ ಸಲ ಹೇಳಿದ್ದರು.

ಹನ್ನೊಂದು ಗಂಟೆಗೆ ಗೂಡ್ಸ್ ಆಟೋ ಬಂತು. ತಾಯಿ ಮಗ ಇಳಿದರು. ಹಿಂದೆ ಒಂದು ಗೊನೆ ಎಳನೀರು.

"ಗೆಂದಾಳಿ ಮರದ್ದು ಕಣ್ರೀ ಗಂಗಮ್ಮಾರೆ" ಅಂದರು ಜಯಮ್ಮ. "ಬೆಳಿಗ್ಗೆ ಇವನೇ ಹತ್ತಿ ಇಳಿಸ್ದ. ರಕ್ತ ಕಮ್ಮಿ ಅಂದಿದ್ರಲ್ಲ, ಮೈಗೆ ತಂಪು."

ಕವಿತಾ ಒಳಗೆ ಕೇಸರಿಬಾತ್ ಮಾಡುತ್ತಿದ್ದಳು. ನಾಗರಾಜ ಜಗಲಿಯ ಮೇಲೆ ಕೂತು ಮಚ್ಚಿನಿಂದ ಕೊಚ್ಚಿ, ಎರಡು ಕೈಯಲ್ಲಿ ಹಿಡಿದು ಅವ್ವನ ಮುಂದೆ ಬಾಗಿದ.

"ಶೀತ ಆಗೈತೆ, ಬ್ಯಾಡ ಬುಡಪ್ಪ" ಅಂದಳು ಅವ್ವ.

ಜಯಮ್ಮನ ಮುಖ ಸಣ್ಣಗಾಯಿತು. ನಕ್ಕರು, ಆದರೆ ನಗು ಹಲ್ಲಿನಲ್ಲೇ ನಿಂತಿತು. "ಬೀಗರಾಗೋರ ಮನೆ ನೀರು ಬ್ಯಾಡ್ವೇ?"

ನಮ್ಮ ಕಡೆ ಕಾಫಿ ಬೇಡ ಅನ್ನಬಹುದು. ಈಗ ತಾನೆ ಆಯಿತು ಅಂತ ಊಟವನ್ನೂ ಬೇಡ ಅನ್ನಬಹುದು. ಕಣ್ಣೆದುರಿಗೆ ಕೊಚ್ಚಿ ಕೊಟ್ಟ ಎಳನೀರನ್ನು ಬೇಡ ಅನ್ನುವವರು ಇಲ್ಲ. ಅಂದರೆ ಮನೆತನವೇ ಬೇಡ ಅಂದ ಹಾಗೆ. ಅದೂ ಹುಷಾರಿಲ್ಲದವರು, ರಕ್ತ ಕಮ್ಮಿ ಇರುವವರು ಯಾಕೆ ಬೇಡ ಅನ್ನಬೇಕು? ಇಲ್ಲಿ ಹುಟ್ಟಿದ ಮಗುವಿಗೂ ಆ ಪ್ರಶ್ನೆ ಏಳುತ್ತೆ.

ನಾನು ಬಾಗಿಲಲ್ಲಿ ನಿಂತಿದ್ದೆ. ನನಗೆ ಒಂದು ಸುಳ್ಳು ಬೇಕಿತ್ತು. ಮಾತ್ರೆ ನುಂಗಿದ್ದಾಳೆ ಅನ್ನಬಹುದಿತ್ತು. ಕೈ ತಾಗಿದ ಹಾಗೆ ಮಾಡಿ ಚೆಲ್ಲಬಹುದಿತ್ತು. ಆಮೇಲೆ ನೂರು ಉಪಾಯ ಹೊಳೆದವು, ಈಗಲೂ ಬಸ್ಸಿನಲ್ಲಿ ಕೂತರೆ ಹೊಸದೊಂದು ಹೊಳೆಯುತ್ತೆ. ಆವತ್ತು ಒಂದೂ ಹೊಳೆಯಲಿಲ್ಲ. ಅವ್ವ ನನ್ನ ಕಡೆ ನೋಡಿದಳು. "ಅಲ್ಲೇನ್ ನಿಂತ್ಕಂಡು ನೋಡ್ತೀಯ? ಒಳಗೋಗಿ ಕಾಫಿ ತಗಂಬಾ" ಅಂದಳು. ನಾನು ಕದಲಲಿಲ್ಲ. ಬಾಯಿಯನ್ನೂ ಬಿಡಲಿಲ್ಲ.

ಅವ್ವ ಕುಡಿದಳು.

ತಲೆಯೆತ್ತಿ, ಒಂದೇ ಉಸಿರಿಗೆ. ಕತ್ತಿನ ನರ ಏರಿ ಇಳಿಯುವುದನ್ನು ನಾನು ನೋಡಿದೆ. ಸೆರಗಿನಿಂದ ಬಾಯಿ ಒರೆಸಿಕೊಂಡು, "ಇನ್ನೊಂದು ಕೊಡಪ್ಪ" ಅಂದಳು. ಎರಡನೆಯದಕ್ಕೆ ಯಾರೂ ಬಲವಂತ ಮಾಡಿರಲಿಲ್ಲ. ಅದು ಬೀಗರಿಗಾಗಿಯೋ, ಐದು ತಿಂಗಳ ಬಾಯಾರಿಕೆಗೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅವಳ ಮುಖದಲ್ಲಿ ಅಂಥ ಸುಖವನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

ಮಾತು ಕುದುರಿತು. ಅವರು ಎರಡು ಗಂಟೆಗೆ ಹೊರಟರು. ಕವಿತಾ ಅಡಿಗೆಮನೆಯಿಂದ ಬಂದು ನನ್ನ ಕತ್ತು ತಬ್ಬಿಕೊಂಡಳು. ಎಳನೀರಿನ ಬುರುಡೆಗಳನ್ನು ನಾನಾಗಲೇ ಹಿತ್ತಲ ಗುಂಡಿಗೆ ಎಸೆದಿದ್ದೆ. ಉಳಿದ ಗೊನೆಯನ್ನು ನೋಡಿ, "ಊರೋರ್ಗೆ ಹಂಚಿಬಿಡು, ಅವ್ವನ ಕಣ್ಣಿಗ್ ಬೀಳದು ಬ್ಯಾಡ" ಅಂದಳು. ಹೂಂ ಅಂದೆ. ನಾಳೆ ಬೆಳಿಗ್ಗೆ ಏಳಕ್ಕೆ ಡಯಾಲಿಸಿಸ್, ಹೇಗೋ ತಳ್ಳಿಬಿಟ್ಟರೆ ಆಯಿತು ಅಂತ ಲೆಕ್ಕ ಹಾಕಿದೆ. ಮಂಜುನಾಥ್‌ಗೆ ಫೋನ್ ಮಾಡಲಿಲ್ಲ.

ಮೂರು ಗಂಟೆಗೆ ಅವ್ವ, "ಕಾಲು ನಂದಲ್ಲ ಅನ್ನಂಗೈತೆ ಕಣೇ" ಅಂದಳು. ಎತ್ತಿದರೆ ಬಿದ್ದುಹೋಗುತ್ತಿತ್ತು. ಆಟೋ ಕರೆಸಿದೆವು. ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು ಒಬ್ಬ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಇಸಿಜಿ ಪಟ್ಟಿ ಎಳೆದು ನೋಡಿದವರೇ ಇಂಜೆಕ್ಷನ್ ಏರಿಸಿದರು. ನಮ್ಮ ಕಡೆ ತಿರುಗಿದರು.

"ಏನಾದ್ರೂ ಕುಡಿದಿದ್ರೆ ಪೊಟ್ಯಾಷಿಯಮ್ ಇನ್ನೂ ಏರ್ತಾ ಹೋಗುತ್ತೆ. ಹಾಗಿದ್ರೆ ನಾನು ಇಲ್ಲಿ ಇಟ್ಕೊಳ್ಳಲ್ಲ, ಈಗಲೇ ಆಂಬುಲೆನ್ಸಲ್ಲಿ ತುಮಕೂರಿನ ಐಸಿಯುಗೆ ಕಳಿಸ್ತೀನಿ. ಇಲ್ಲ ಅಂದ್ರೆ ಇಂಜೆಕ್ಷನ್‌ನಲ್ಲಿ ಹಿಡಿದಿಟ್ಟು ಟೆಕ್ನಿಷಿಯನ್ ಕರೆಸ್ತೀನಿ. ಸರಿಯಾಗಿ ಹೇಳಿ. ಎಳನೀರು ಕೊಟ್ರಾ?"

"ಅಯ್ಯೋ ಇಲ್ಲ ಮೇಡಂ! ನಮಗಷ್ಟು ಗೊತ್ತಿಲ್ವಾ?" ಅಂದಳು ಕವಿತಾ. ಅವಳಿಗೆ ಗೊತ್ತಿರಲಿಲ್ಲ. ಅವಳು ಕೇಸರಿಬಾತ್ ಮಾಡುತ್ತಿದ್ದಳು.

ಡಾಕ್ಟರು ನನ್ನನ್ನು ನೋಡಿದರು. "ನೀವು ಹೇಳಿ."

ಕವಿತಾಳ ಮುಡಿಯಲ್ಲಿ ಜಯಮ್ಮ ಮುಡಿಸಿದ ಹೂವು ಇನ್ನೂ ಬಾಡಿರಲಿಲ್ಲ. ಹೌದು ಅಂದರೆ, ತಾಯಿಗೆ ವಿಷವಿಟ್ಟವನ ಕೈ ಅವಳು ಹೇಗೆ ಹಿಡಿಯುತ್ತಾಳೆ? ಅಷ್ಟೇ ಯೋಚಿಸಿದ್ದು. ಅವ್ವ ಮಂಚದ ಮೇಲೆ ಕಣ್ಣು ಬಿಟ್ಟುಕೊಂಡೇ ಇದ್ದಳು, ಬಾಯಿ ಮುಚ್ಚಿಕೊಂಡೇ ಇದ್ದಳು.

"ಇಲ್ಲ" ಅಂದೆ.

ಮಂಜುನಾಥ್‌ಗೂ ಫೋನಿನಲ್ಲಿ ಅದೇ ಹೇಳಿದೆ. ಸಾರು ಜಾಸ್ತಿ ಆಗಿರಬೇಕು ಅಂದೆ. ಅವರು ಬೈಕಿನಲ್ಲಿ ಹಾರಿ ಬಂದರು. ಮಿಷನ್ ತೊಳೆದು ಸಜ್ಜು ಮಾಡುತ್ತಿದ್ದರು. ಆರು ಗಂಟೆಗೆ ಇನ್ನೂ ಹತ್ತು ನಿಮಿಷವಿತ್ತು.

ಅವ್ವನ ಹೃದಯ ನಿಂತಿತು.

ಲ್ಯಾಬಿನ ರಿಪೋರ್ಟ್ ಹಿಡಿದು ಮಂಜುನಾಥ್ ಕಾರಿಡಾರಿಗೆ ಬಂದರು. "ಸುಧಾ, ಇದು ಸಾರಿನದ್ದಲ್ಲ" ಅಂದರು. ನಾನು ಅವರಿಗೊಬ್ಬರಿಗೆ ಹೇಳಿದೆ. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. "ನೀವು ನಿಜ ಹೇಳಿದ್ರೂ ಉಳೀತಿದ್ರು ಅಂತ ನಾನು ಹೇಳಲ್ಲ. ಉಳೀತಿರ್ಲಿಲ್ಲ ಅಂತಲೂ ಹೇಳಕ್ಕಾಗಲ್ಲ. ತಂಗಿಗೆ ಹೇಳಿ. ಆಮೇಲೆ ನನ್ನ ಹತ್ರ ಬನ್ನಿ. ಕಾಯ್ತೀನಿ" ಅಂದರು. ನಾನು ಹೋಗಲಿಲ್ಲ. ಹೇಳುವುದಕ್ಕೂ ಆಗಲಿಲ್ಲ, ಹೇಳದೆ ಅವರ ಮುಂದೆ ನಿಲ್ಲುವುದಕ್ಕೂ ಆಗಲಿಲ್ಲ.

ಊರಿಗೆ ಹಾರ್ಟ್ ಅಟ್ಯಾಕ್ ಅಂದೆವು.

ಹನ್ನೊಂದನೇ ದಿನದ ತಿಥಿಗೆ ಜಯಮ್ಮ ಬಂದರು. ಪಂಕ್ತಿಯಲ್ಲಿ ಕೂತು, ನಾಲ್ಕು ಜನಕ್ಕೆ ಕೇಳುವ ಹಾಗೆ, ಕಣ್ಣೊರೆಸಿಕೊಳ್ಳುತ್ತ ಹೇಳಿದರು: "ಪುಣ್ಯಾತ್ಗಿತ್ತಿ ಕಣ್ರವ್ವ. ಹೋಗೋ ದಿನ ನಮ್ಮನೆ ಎಳನೀರು ಕೇಳಿ ಕೇಳಿ ಇಸ್ಕಂಡು ಕುಡಿದ್ರು. ಎರಡು ಕುಡಿದ್ರು. ನಮ್ಮ ನಾಗ ಕೊಚ್ಚಿ ಕೊಟ್ಟ. ಅಷ್ಟು ಋಣ ಇತ್ತು."

ಕವಿತಾ ಪಾಯಸ ಬಡಿಸುತ್ತಿದ್ದಳು. ಸೌಟು ನಿಂತಿತು. ನನ್ನನ್ನು ನೋಡಿದಳು. ಆಮೇಲೆ ಮುಂದಿನ ಎಲೆಗೆ ಬಡಿಸಿದಳು, ಅದರ ಮುಂದಿನ ಎಲೆಗೂ. ಸಾಲು ಮುಗಿಸಿ ಹಿತ್ತಲಿಗೆ ಬಂದಳು.

"ನೀನಿದ್ಯಾ?"

"ಇದ್ದೆ. ಬಾಗಿಲಲ್ಲಿ ನಿಂತಿದ್ದೆ."

"ಡಾಕ್ಟ್ರು ಕೇಳ್ದಾಗ ಇಲ್ಲ ಅಂದೆ."

"ನಿನಗೋಸ್ಕರ ಕಣೇ."

ಕೆನ್ನೆಗೆ ಬಾರಿಸಿದಳು. ಒಳಗೆ ಜನ ಉಣ್ಣುತ್ತಿದ್ದರು. "ನನಗೋಸ್ಕರ, ನನಗೋಸ್ಕರ! ಅವಳೂ ಅದನ್ನೇ ಅಂದ್ಲು, ನೀನೂ ಅದನ್ನೇ ಅಂತೀಯ. ನಾನು ಕೇಳಿದ್ನಾ?" ಅಂದಳು. ಮುಖ ತೊಳೆದುಕೊಂಡಳು. ಸೆರಗಿನಲ್ಲಿ ಒರೆಸಿಕೊಳ್ಳುತ್ತ, ಅವ್ವನ ದನಿಯಲ್ಲೇ ಹೇಳಿದಳು: "ಕೊಚ್ಚಿ ಕೊಟ್ಟೋರ್ಗೆ ಹೇಳ್ಬೇಡ. ಗೊತ್ತಾದ್ರೆ ಅವ್ರು ಬದುಕಲ್ಲ. ಮದುವೆಗೆ ಬಾ, ಇಲ್ಲದಿದ್ರೆ ಜನ ಕೇಳ್ತಾರೆ. ಆಮೇಲೆ ನಮ್ಮನೆ ಕಡೆ ತಲೆ ಹಾಕ್ಬೇಡ. ನಿನ್ನ ಮುಖ ನೋಡಿದ್ರೆ ಅವ್ವ ಕಾಣ್ತಾಳೆ."

ಸಾವಾದ ಮನೆಯಲ್ಲಿ ವರ್ಷದೊಳಗೆ ಶುಭ ಆಗಲಿ ಅಂತ ಜಯಮ್ಮನೇ ಅವಸರ ಮಾಡಿದರು. ಮೂರನೇ ತಿಂಗಳಿಗೆ ಮದುವೆ. ನಾನು ಹೋದೆ, ಅಡಿಗೆಯವರ ಉಸ್ತುವಾರಿ ನೋಡಿಕೊಂಡೆ, ಧಾರೆಯ ಹೊತ್ತಿಗೆ ಹಿಂದೆ ನಿಂತೆ. ಗಂಡ ಬಿಟ್ಟವಳು ಮುಂದೆ ನಿಲ್ಲದಿದ್ದರೆ ಯಾರೂ ಯಾಕೆ ಅಂತ ಕೇಳುವುದಿಲ್ಲ. ಆವತ್ತು ಸಂಜೆಯ ಬಸ್ಸಿಗೆ ತುಮಕೂರಿಗೆ ಬಂದೆ. ಹಳೆಯ ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್ ಕೆಲಸ ಖಾಲಿ ಇರಲಿಲ್ಲ, ಮಿಷನ್ ಮೇಲೆ ಕೂತೆ. ಮಂಜುನಾಥ್‌ಗೆ ಒಂದು ಸಲ ಫೋನ್ ಮಾಡಿ ತಂಗಿಗೆ ಗೊತ್ತಾಯಿತು ಅಂದೆ. "ನೀವು ಹೇಳಿದ್ರಾ?" ಅಂದರು. ಇಲ್ಲ ಅಂದೆ. "ಊಟ ಬಿಡಬೇಡಿ" ಅಂದರು. ಆಮೇಲೆ ಅವರೂ ಮಾಡಿಲ್ಲ, ನಾನೂ ಮಾಡಿಲ್ಲ. ನನಗೆ ಅವರ ಮೇಲೆ ಕೋಪವಿಲ್ಲ. ಆಸೆ ಇದೆ, ಅದು ಬೇರೆ ಮಾತು.

ಇದನ್ನು ಬರೆಯಲು ಕೂತದ್ದು ಹೋದ ಭಾನುವಾರದ ಫೋನಿನಿಂದ. ಬೆಳಿಗ್ಗೆ ಎಂಟಕ್ಕೆ ಕವಿತಾಳ ಹೆಸರು ಮೊಬೈಲಿನಲ್ಲಿ ಬಂತು. ಮದುವೆಯಾದ ನಾಲ್ಕು ತಿಂಗಳ ಮೇಲೆ. ನಾನು ಹಲೋ ಅನ್ನಲೂ ಹೆದರಿದೆ.

"ಅಕ್ಕ, ಮೂರು ತಿಂಗಳು ನನಗೆ" ಅಂದಳು.

ಒಳ್ಳೇದಾಗಲಿ ಕಣೇ ಅಂದೆ.

"ವಾಂತಿ ಜಾಸ್ತಿ. ಅದಕ್ಕೆ ಅವ್ರು ದಿನಾ ಬೆಳಿಗ್ಗೆ ಮರ ಹತ್ತಿ ಎಳನೀರು ಇಳಿಸ್ತಾರೆ. ಎರಡು ಕೈಯಲ್ಲಿ ಹಿಡ್ಕೊಂಡು ಬಂದು ಮುಂದೆ ನಿಂತ್ಕೊತಾರೆ. ಒಲ್ಲೆ ಅಂದ್ರೆ, ಯಾಕೆ, ಏನಾಯ್ತು ಅಂತ ಮುಖ ಚಿಕ್ಕದು ಮಾಡ್ಕೊತಾರೆ."

"ಏನ್ ಹೇಳ್ತೀಯ?"

"ಏನ್ ಹೇಳ್ಲಿ? ಕುಡೀತೀನಿ."

ಆ ಕಡೆ ಮೂಗು ಎಳೆದುಕೊಂಡ ಸದ್ದು ಬಂತು. ಹಿಂದೆ ಎಲ್ಲೋ ನಾಗರಾಜ, "ಯಾರು, ಅಕ್ಕನಾ? ಬರಕ್ಕೇಳು" ಅನ್ನುವುದು ಕೇಳಿಸಿತು.

"ಆವತ್ತು ಬಾಗಿಲಲ್ಲಿ ನಿಂತಿದ್ದೆ ಅಂದ್ಯಲ್ಲ" ಅಂದಳು ಕವಿತಾ. "ನಾನಿದ್ದಿದ್ರೂ ಬಾಯಿ ಬಿಡ್ತಿರ್ಲಿಲ್ಲ ಕಣಕ್ಕ. ದಿನಾ ಬೆಳಿಗ್ಗೆ ಗೊತ್ತಾಗುತ್ತೆ."

ನಾನು ಫೋನ್ ಕಿವಿಗೆ ಒತ್ತಿಕೊಂಡೆ. ಅವಳೂ ಫೋನ್ ಇಡಲಿಲ್ಲ.

"ಬತ್ತೀಯಾ?" ಅಂದಳು ಕೊನೆಗೆ.

"ಬತ್ತೀನಿ" ಅಂದೆ.